ಕೆಂಚವ್ವ ಆಡದ ಹನ್ನೊಂದು ಸಾಲು

ಭಾನುವಾರ ಬೆಳಿಗ್ಗೆ ಎಂಟೂಕಾಲು. ಹೈದರಾಬಾದಿನ ಕಾಚಿಗುಡಾದ ಮನೆಯಲ್ಲಿ ದತ್ತಾತ್ರೇಯ ತಮ್ಮ ಭಾಷಣದ ಎರಡನೇ ಹಾಳೆಯನ್ನು ಹೆಂಡತಿಗೆ ಓದಿ ಹೇಳುತ್ತಿದ್ದರು. ಆ ಹಾಳೆಯಲ್ಲಿ ಒಂದು ತಪ್ಪಿತ್ತು. ಅದು ಸುಂದರಾಬಾಯಿಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

‘ಕೆಂಚವ್ವನ ಅಗಸಿ’ ಹಳೆಯ ದುರಂತ ನಾಟಕ. ಊರ ಅಗಸೆ ಬಾಗಿಲಿನ ಬೀಗದ ಕೈ ಕೆಂಚವ್ವ ಎಂಬ ವಿಧವೆಯ ಸೊಂಟದಲ್ಲಿರುತ್ತದೆ. ವೈರಿಗಳು ಬೆನ್ನಟ್ಟಿದಾಗ ಅವಳ ಒಬ್ಬನೇ ಮಗ ಓಡಿಬಂದು ಹೊರಗಿನಿಂದ ಬಾಗಿಲು ಬಡಿಯುತ್ತಾನೆ. ತೆರೆದರೆ ಮಗನ ಹಿಂದೆಯೇ ವೈರಿಗಳೂ ಒಳಗೆ ನುಗ್ಗುತ್ತಾರೆ. ಅವಳು ತೆರೆಯುವುದಿಲ್ಲ. ಬೆಳಗಾದ ಮೇಲೆ ಬಾಗಿಲು ತೆಗೆದು, ಮಗನ ಹೆಣದ ಮುಂದೆ ನಿಂತು ಹನ್ನೊಂದು ಸಾಲಿನ ಮಾತಾಡುತ್ತಾಳೆ. ಪರದೆ ಬೀಳುತ್ತದೆ.

ಈ ನಾಟಕ ಎರಡು ಸಲ ಸಿನಿಮಾ ಆಗಿತ್ತು. 1966ರಲ್ಲಿ ಕಪ್ಪು-ಬಿಳುಪಿನಲ್ಲಿ, 1987ರಲ್ಲಿ ಬಣ್ಣದಲ್ಲಿ. ಇವತ್ತು ಹತ್ತೂವರೆಗೆ ಹಿಮಾಯತ್‌ನಗರದ ಕನ್ನಡ ಸಂಘದಲ್ಲಿ ಎರಡರ ಕೊನೆಯ ಭಾಗವನ್ನೂ ತೋರಿಸುವುದಿತ್ತು. ಆಮೇಲೆ ದತ್ತಾತ್ರೇಯ ಎರಡನ್ನೂ ಹೋಲಿಸಿ ಮಾತಾಡಬೇಕು.

“‘ಮೊದಲನೆಯ ಚಿತ್ರದ ನಾಯಕಿ ಕೊನೆಗೆ ಒಂದು ಮಾತೂ ಆಡುವುದಿಲ್ಲ. ಎರಡನೆಯದರ ನಾಯಕಿ ಹಾಡು ಹಾಡುತ್ತಾಳೆ. ಒಂದು ಚಿತ್ರ ದೊಡ್ಡದಾಗಿದ್ದೂ ಇನ್ನೊಂದು ಸಣ್ಣದಾಗಿದ್ದೂ ಇಲ್ಲಿಯೇ.’ ಹೆಂಗದ?” ಎಂದರು ದತ್ತಾತ್ರೇಯ.

“ಛೊಲೊ ಅದ. ಆದ್ರ ಪಿಚ್ಚರ್ ಇನ್ನೊಮ್ಮೆ ನೋಡಿ ಬರೀಬೇಕಿತ್ತು ನೀವು.”

“ನೋಡೇನಲ್ಲ?”

“ನೋಡಿ ಐವತ್ತು ವರ್ಷ ಆತ್ರಿ. ಶರ್ವರಿ ನನ್ನ ಫೋನಿಗೆ ಕಳಿಸ್ಯಾಳ. ಈಗರ ಕಡೀ ಭಾಗ ನೋಡ್ರಿ, ಇಪ್ಪತ್ತು ನಿಮಿಷದ ಕೆಲಸ.”

“ಅಂಗೈಯಷ್ಟು ಪಡದ್ಯಾಗ ಪಿಚ್ಚರ್ ನೋಡಂತಿ? ಮೂವತ್ತಾರು ವರ್ಷ ಪ್ರೂಫ್ ನೋಡಿದ ಕಣ್ಣು ಇವು. ಕಂಡದ್ದನ್ನ ಮರೆಯೂದಿಲ್ಲ. ನೀ ನಡುವ ಬಾಯಿ ಹಾಕಬ್ಯಾಡ, ಮೂರನೇ ಹಾಳಿ ಕೇಳು.”

ದತ್ತಾತ್ರೇಯ ಸರ್ಕಾರಿ ಮುದ್ರಣಾಲಯದಲ್ಲಿ ಪ್ರೂಫ್ ರೀಡರ್ ಆಗಿ ಸೇರಿ ಅಲ್ಲಿಯೇ ನಿವೃತ್ತರಾದ ಮನುಷ್ಯ. ಮದುವೆಯ ಕರೆಯೋಲೆ ಬಂದರೂ ಮೊದಲು ತಪ್ಪು ಹುಡುಕಿ, ಆಮೇಲೆ ಮದುವೆ ಯಾರದು ಎಂದು ನೋಡುತ್ತಿದ್ದರು. ಸಂಘದಲ್ಲಿ ಇಸವಿ, ತಾರೀಖಿನ ಜಗಳ ಬಂದರೆ ‘ದತ್ತಾತ್ರೇಯರನ್ನ ಕೇಳ್ರಿ’ ಎನ್ನುವುದೇ ರೂಢಿಯಾಗಿತ್ತು.

ಸಂಘದ ಕಾರ್ಯದರ್ಶಿ ಶರ್ವರಿ ಕಳಿಸಿದ ಹಳೆಯ ಚಿತ್ರವನ್ನು ಸುಂದರಾಬಾಯಿ ಶುಕ್ರವಾರ ಮಧ್ಯಾಹ್ನ ಒಬ್ಬಳೇ ಕೂತು ನೋಡಿದ್ದಳು. ಅದರ ನಾಯಕಿ ಹನ್ನೊಂದೂ ಸಾಲು ಹೇಳುತ್ತಾಳೆ, ಒಂದಕ್ಷರ ಬಿಡದೆ. ಸುಂದರಾಬಾಯಿಗೆ ಆಶ್ಚರ್ಯವಾಗಲಿಲ್ಲ. ಮಾತಾಡದೆ ಕೂತ ಕೆಂಚವ್ವ ಯಾರೆಂದು ಅವಳಿಗೆ ಮೊದಲೇ ಗೊತ್ತಿತ್ತು.

ಆ ಕಾಲಕ್ಕೆ ಹೈದರಾಬಾದಿನಲ್ಲಿ ಕನ್ನಡ ಚಿತ್ರವೆಂದರೆ ಭಾನುವಾರದ ಮಾರ್ನಿಂಗ್ ಶೋ. ಹತ್ತೂವರೆಗೆ ಶುರುವಾಗಿ ಒಂದಕ್ಕೆ ಮುಗಿಯುತ್ತಿತ್ತು, ಮ್ಯಾಟಿನಿಗೆ ತೆಲುಗು ಚಿತ್ರ. ರೀಲಿನ ಡಬ್ಬಿಗಳು ಸೋಮವಾರದ ರೈಲಿಗೆ ಹೋಗಿಬಿಡುತ್ತಿದ್ದವು. ಇನ್ನೊಮ್ಮೆ ನೋಡುವ ಮಾತೇ ಇರಲಿಲ್ಲ. ಒಂದು ಸಲ ನೋಡಿದ್ದನ್ನು ಜನ ತಿಂಗಳುಗಟ್ಟಲೆ ಮಾತಾಡಿಕೊಂಡು ಉಳಿಸಿಕೊಳ್ಳುತ್ತಿದ್ದರು.

1974ರ ಫೆಬ್ರುವರಿ 10ರಂದು ಸುಲ್ತಾನ್ ಬಜಾರಿನ ಹತ್ತಿರದ ಟಾಕೀಸಿಗೆ ಆ ಕಪ್ಪು-ಬಿಳುಪಿನ ಚಿತ್ರ ಬಂತು. ಸಂಘದ ಹವ್ಯಾಸಿ ತಂಡ ಅದೇ ನಾಟಕವನ್ನು ಮರುವಾರ, 17ಕ್ಕೆ, ಆಡುವುದಿತ್ತು. ಹದಿನಾಲ್ಕು ಜನ ಒಂದೇ ಸಾಲಿನಲ್ಲಿ ಕೂತು ನೋಡಿದರು. ಹೊರಗೆ ಬಂದು ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಗೋಡೆಗೆ ಒರಗಿ ನಿಂತವರೆಲ್ಲ ನಾಯಕಿಯನ್ನು ಹೊಗಳಿದರು. ಸುಂದರಾಬಾಯಿ ಚಹಾ ಅರ್ಧಕ್ಕೇ ಬಿಟ್ಟಳು. ನಾಟಕದ ಕೆಂಚವ್ವ ಅವಳೇ. ಇಪ್ಪತ್ತನಾಲ್ಕು ವರ್ಷ. ಮಗನ ಪಾತ್ರದ ಸೋಮಣ್ಣನಿಗೆ ಮೂವತ್ತು. ದತ್ತಾತ್ರೇಯ ಪ್ರಾಂಪ್ಟರ್, ರಂಗದ ಎಡಪಕ್ಕದಲ್ಲಿ ಕೈಬರಹದ ಪುಸ್ತಕ, ಬ್ಯಾಟರಿ ಹಿಡಿದು, ಮರೆತವರಿಗೆ ಮಾತು ಹೇಳಿಕೊಡಲು ಕೂಡುವವರು.

17ರ ಸಂಜೆ ಸುಂದರಾಬಾಯಿ ಬಾಗಿಲು ತೆರೆದಳು. ಸೋಮಣ್ಣ ಬಿದ್ದಿದ್ದ. ಮೊದಲ ಸಾಲು ನಾಲಿಗೆಯ ಮೇಲಿತ್ತು, ಮರೆತಿರಲಿಲ್ಲ. ಎರಡು ತಿಂಗಳು ಒಲೆಯ ಮುಂದೆ, ನಲ್ಲಿಯ ಮುಂದೆ ಹೇಳಿ ಹೇಳಿ ರೂಢಿಯಾದ ಸಾಲು. ಆದರೆ ಹೇಳಲು ಮನಸ್ಸಾಗಲಿಲ್ಲ. ಹೊಸ್ತಿಲ ಮೇಲೆ ಕೂತಳು. ಪಕ್ಕದಿಂದ ದತ್ತಾತ್ರೇಯ ಮೊದಲ ಸಾಲು ಹೇಳಿಕೊಟ್ಟರು. ಮತ್ತೊಮ್ಮೆ ಹೇಳಿಕೊಟ್ಟರು. ಮೂರನೇ ಸಲ ಮುಂದಿನ ಕುರ್ಚಿಯವರಿಗೂ ಕೇಳಿಸಿತು. ಅವಳು ಸೊಂಟದ ಬೀಗದ ಕೈ ಬಿಚ್ಚಿ ಮಗನ ಎದೆಯ ಮೇಲಿಟ್ಟು ಸುಮ್ಮನೆ ಕೂತಳು. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಪರದೆ ಎಳೆಯುವವನು ಕಾದು ಕಾದು ಕೊನೆಗೆ ಬಿಟ್ಟ.

ಮನೆಗೆ ಬರುವಾಗ ಸೈಕಲ್ ರಿಕ್ಷಾದಲ್ಲಿ ದತ್ತಾತ್ರೇಯ ಕೇಳಿದ್ದರು: “ಮರತಿಯೇನು?”

“ಇಲ್ಲ.”

“ಮತ್ತ? ಬರದಾತ ಹನ್ನೊಂದು ಸಾಲು ಬರದಾನ. ನುಂಗಲಿಕ್ಕೆ ನೀ ಯಾರು?”

ಅಷ್ಟೇ ಮಾತು. ಬೈಗುಳವಲ್ಲ, ಬೇಡವೆಂದು ತಡೆದದ್ದೂ ಅಲ್ಲ. ಮುಂದಿನ ವರ್ಷ ಮಗ ಕೇದಾರ ಹೊಟ್ಟೆಯಲ್ಲಿದ್ದ. ಆಮೇಲಿನ ವರ್ಷ ಯಾರೂ ಕೇಳಲಿಲ್ಲ, ಅವಳೂ ಹೋಗಲಿಲ್ಲ. ಮತ್ತೆ ಬಣ್ಣ ಹಚ್ಚಲಿಲ್ಲ.

ಹದಿನಾಲ್ಕು ವರ್ಷದ ಮೇಲೆ, 1988ರಲ್ಲಿ, ಪಕ್ಕದ ಮನೆಯವರು ಬಣ್ಣದ ಚಿತ್ರದ ಕ್ಯಾಸೆಟ್ ತಂದು ಎಲ್ಲರನ್ನೂ ಕರೆದರು. ಮುಗಿದ ಮೇಲೆ ದತ್ತಾತ್ರೇಯ ಅಂದರು: “ಇದೇನು ಹಾಡೂ ಪಾಡೂ? ಮೊದಲನೇದರಾಗ ಆಕಿ ಬಾಯೇ ಬಿಡಲಿಲ್ಲ. ಮಗನ ಎದಿ ಮ್ಯಾಲೆ ಬೀಗದ ಕೈ ಇಟ್ಟು ಕೂತಳು. ನಟನಾ ಅಂದ್ರ ಅದು.”

ಸುಂದರಾಬಾಯಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡು ಮುಖ ನೋಡಿದಳು. ಇಲ್ಲ, ನಿಜವಾಗಿ ನಂಬಿದ್ದರು. ಒಂದೇ ವಾರದಲ್ಲಿ ನೋಡಿದ ಚಿತ್ರ, ನಾಟಕ ಎರಡೂ ಅವರ ತಲೆಯಲ್ಲಿ ಒಂದಾಗಿಬಿಟ್ಟಿದ್ದವು. ‘ಅದು ನಾನ್ರಿ’ ಎನ್ನಬಹುದಿತ್ತು. ಅಂದಿದ್ದರೆ ಅವರು ನೆನಪು ಮಾಡಿಕೊಳ್ಳುತ್ತಿದ್ದರು. ನುಂಗಿದ ಹನ್ನೊಂದು ಸಾಲೂ ನೆನಪಾಗುತ್ತಿತ್ತು. ಹೊಗಳಿಕೆ ಅಲ್ಲಿಗೇ ನಿಲ್ಲುತ್ತಿತ್ತು. ಇನ್ನೊಬ್ಬಳ ಹೆಸರಿಗೆ ಬಂದರೂ ಬರಲಿ ಎಂದು ಬಿಟ್ಟಳು. ಮೂವತ್ತಾರು ವರ್ಷ ಬರುತ್ತಲೇ ಇತ್ತು, ವರ್ಷಕ್ಕೆ ಒಂದೆರಡು ಸಲ, ಯಾವುದಾದರೂ ಸಿನಿಮಾದ ಮಾತಿನಲ್ಲಿ. ಪ್ರತಿಸಲವೂ ಒಳಗೆ ಹೋಗಿ ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದಳು.

ಇವತ್ತು ಅದು ಮುಗಿಯುತ್ತದೆ. ನಾಯಕಿ ಅರವತ್ತು ಜನರ ಮುಂದೆ ಮಾತಾಡಿಬಿಡುತ್ತಾಳೆ. ಮಾತಾಡದ ಕೆಂಚವ್ವ ಯಾರ ಹೆಸರಿಗೆ ಬರುತ್ತಾಳೆ? ತನ್ನ ಹೆಸರಿಗೋ, ಅಥವಾ ‘ಮುದುಕರ ಭ್ರಮೆ’ ಎಂದು ಯಾರಿಗೂ ಇಲ್ಲದೆ ಹೋಗುತ್ತಾಳೋ? ಆಟೋದಲ್ಲಿ ಅವಳಿಗೆ ಇದೇ ಯೋಚನೆ. ದತ್ತಾತ್ರೇಯ ಡ್ರೈವರಿಗೆ ಹಿಂದಿಯಲ್ಲಿ ದಾರಿ ಹೇಳುತ್ತ, ನಡುವೆ ಹಾಳೆಗಳನ್ನು ಎಣಿಸುತ್ತ ಕೂತಿದ್ದರು.

ಸಂಘದ ಬಾಗಿಲಲ್ಲೇ ಸೋಮಣ್ಣ ಸಿಕ್ಕ. ಎಂಬತ್ತು ವರ್ಷ, ಕೈಯಲ್ಲಿ ಕೋಲು.

“ಯವ್ವಾ, ಬಂದ್ಯಾ? ಮಗನ್ನ ನೋಡಾಕ ಈಗ ನೆನಪಾತೇನು?”

“ಮಗಂದು ಹಲ್ಲೆಲ್ಲ ಬಿದ್ದಾವಲ್ಲೋ ಸೋಮಣ್ಣ.”

“ನೀ ಬಾಗಿಲ ತಗೀಲಿಲ್ಲಲ್ಲ, ಬಡದು ಬಡದು ಬಿದ್ದಾವ,” ಎಂದು ನಕ್ಕ.

ಸುಂದರಾಬಾಯಿಯ ಪಕ್ಕದ ಕುರ್ಚಿಯಲ್ಲಿ ಅನ್ವಿತಾ ಬಂದು ಕೂತಳು. ಮೈಸೂರಿನವಳು, ಮಾದಾಪುರದಲ್ಲಿ ಕೆಲಸ. ಭಾನುವಾರಕ್ಕೊಮ್ಮೆ ಮೆಟ್ರೋ ಹತ್ತಿ ಸಂಘಕ್ಕೆ ಬರುತ್ತಿದ್ದಳು. ನವೆಂಬರಿನಲ್ಲಿ ಸಂಘದ ಹುಡುಗರು ಇದೇ ನಾಟಕ ಆಡುವವರಿದ್ದರು, ಕೆಂಚವ್ವ ಅವಳೇ.

ಮೊದಲು ಬಣ್ಣದ ಚಿತ್ರ. ಅಗಸೆ ತೆರೆಯುತ್ತಲೇ ಮಳೆ, ಮಳೆಯಲ್ಲಿ ಹಾಡು, ಹಾಡಿನಲ್ಲಿ ಸತ್ತ ಮಗ ಚಿಕ್ಕ ಹುಡುಗನಾಗಿ ಓಡಿಬರುತ್ತಾನೆ. ಹಿಂದೆ ಯಾರೋ ನಕ್ಕರು, ಇನ್ಯಾರೋ ಮೂಗು ಒರೆಸಿಕೊಂಡರು. ಹಾಡು ಕೆಟ್ಟದಾಗಿರಲಿಲ್ಲ. ದತ್ತಾತ್ರೇಯ ತಲೆಯಾಡಿಸುತ್ತ ಹಾಳೆಯ ಅಂಚಿಗೆ ಏನೋ ಬರೆದುಕೊಂಡರು.

ಆಮೇಲೆ ಕಪ್ಪು-ಬಿಳುಪು. ಬಾಗಿಲು ಕಿರ್ರೆಂದಿತು. ನಾಯಕಿಯ ಮುಖ ಪರದೆಯ ತುಂಬ ಬಂತು. ಅವಳು ಬಾಯಿ ತೆರೆದಳು. ಒಂದು, ಎರಡು, ಮೂರು ಸಾಲು. ಮುಖ ಕದಲಲಿಲ್ಲ, ಕ್ಯಾಮೆರಾವೂ ಬೇರೆ ಕಡೆ ಹೋಗಲಿಲ್ಲ. ಹನ್ನೊಂದನೆಯ ಸಾಲಿಗೆ ದನಿ ಒಂದೇ ಒಂದು ಕಡೆ ಒಡೆಯಿತು. ಭಾಳ ಛೊಲೊ ಮಾಡ್ಯಾಳ ಎಂದುಕೊಂಡಳು ಸುಂದರಾಬಾಯಿ. ಫೋನಿನಲ್ಲಿ ಇಷ್ಟು ಗೊತ್ತಾಗಿರಲಿಲ್ಲ.

ದೀಪ ಹತ್ತಿದಾಗ ದತ್ತಾತ್ರೇಯ ಪರದೆಯನ್ನೇ ನೋಡುತ್ತಿದ್ದರು. ಶರ್ವರಿ ಹತ್ತಿರ ಬಂದು ಮೆಲ್ಲಗೆ, “ಕಾಕಾ, ಬ್ಯಾಡಂದ್ರ ಪ್ರಶ್ನೋತ್ತರ ಇಟ್ಟುಬಿಡೋಣ,” ಅಂದಳು. ಸಂಘದ ಸ್ಮರಣ ಸಂಚಿಕೆಗೆ ಇದೇ ಭಾಷಣವನ್ನು ಲೇಖನವಾಗಿ ಆಗಲೇ ಕಂಪೋಸ್ ಮಾಡಿಸಿದ್ದವಳು ಅವಳು.

“ಯಾಕ? ನಾ ಮಾತಾಡ್ತೀನಿ,” ಎಂದು ಅವರು ಮೈಕಿನ ಮುಂದೆ ಹೋಗಿ ನಿಂತರು. ಕನ್ನಡಕ ಹಾಕಿಕೊಂಡು ಎರಡನೇ ಹಾಳೆ ಬಿಟ್ಟು ಮೂರನೆಯದನ್ನು ತೆಗೆದರು. ಆ ಹಾಳೆಯನ್ನು ಬೆಳಿಗ್ಗೆ ಸುಂದರಾಬಾಯಿ ಅರ್ಧ ಕಿವಿಯಲ್ಲಿ ಕೇಳಿದ್ದಳು.

“‘ಆಕೆ ಹಸಿರು ಸೀರೆಯ ಸೆರಗನ್ನು ಬಿಗಿದು ಕಟ್ಟಿ ಹೊಸ್ತಿಲ ಮೇಲೆ ಕೂತಾಗ...’” ಎಂದು ಓದಿ ನಿಂತರು. ಆ ಸಾಲನ್ನೇ ಮತ್ತೊಮ್ಮೆ ಮನಸ್ಸಿನಲ್ಲಿ ಓದಿಕೊಂಡರು. ತುಟಿಯಷ್ಟೇ ಅಲ್ಲಾಡಿತು.

“ಹಸರ ಸೀರಿ,” ಎಂದರು, ಈಗ ಹಾಳೆ ನೋಡದೆ. “ಕಪ್ಪು-ಬಿಳುಪು ಪಿಚ್ಚರದಾಗ ನನಗ ಹಸರ ಹೆಂಗ ಕಾಣಿಸ್ತು? ನಾಲ್ಕು ಸಲ ತಿದ್ದೀನಿ ಈ ಹಾಳಿ. ನಾಲ್ಕೂ ಸಲ ಈ ತಪ್ಪು ಬಿಟ್ಟೀನಿ.”

ಯಾರೂ ನಗಲಿಲ್ಲ. ಅವರು ಕನ್ನಡಕ ತೆಗೆದರು.

“ಆಕಿ ಎಡಗಲ್ಲಷ್ಟೇ ನನ್ನ ಕಣ್ಣಾಗ ಅದ. ಟಾಕೀಸಿನಾಗ ಅಷ್ಟು ಅಡ್ಡ ಯಾರೂ ಕೂಡೂದಿಲ್ಲ. ಅಡ್ಡ ಕೂಡಾಂವ ಪ್ರಾಂಪ್ಟರ್. ಆ ಸೀರಿ ನಮ್ಮವ್ವಂದು, ಇಳಕಲ್ಲಿಂದು. ಈಗ ತೋರಿಸಿದ ಪಿಚ್ಚರ್ ಬಗ್ಗೆ ನಾ ಬರದದ್ದು ಪೂರಾ ತಪ್ಪು. ನಾ ಬರದದ್ದು ಫೆಬ್ರುವರಿ ಹದಿನೇಳು, ಎಪ್ಪತ್ನಾಲ್ಕನೇ ಇಸವಿ, ನಮ್ಮ ಸಂಘದ ನಾಟಕದ್ದು. ಕೆಂಚವ್ವನ ಪಾತ್ರ ಸುಂದರಾಬಾಯಿ.”

ತಲೆಗಳು ಹಿಂದಕ್ಕೆ ತಿರುಗಿದವು. ಸುಂದರಾಬಾಯಿ ತನ್ನ ಕೈಗಳನ್ನು ನೋಡಿಕೊಂಡಳು. ಅನ್ವಿತಾ ಅವಳ ಮೊಣಕೈ ಹಿಡಿದಿದ್ದು ಆಗಲೇ ಗೊತ್ತಾದದ್ದು.

“ದತ್ತೂ, ನಾ ಹೇಳ್ತೀನಿ ಕೇಳು,” ಎಂದು ಸೋಮಣ್ಣ ಕೂತಲ್ಲಿಂದಲೇ ಕೂಗಿದ. “ನಾ ಹೆಣ ಆಗಿ ಬಿದ್ದಿದ್ದೆ. ಎಷ್ಟೊತ್ತಾದ್ರೂ ಮಾತ ಬರವಲ್ದು. ನಮ್ಮವ್ವ ಓಡಿಹೋದಳೇನು ಅಂತ ಒಂದ ಕಣ್ಣ ತಗದು ನೋಡಿದೆ. ಅಕಿ ಮುಖ ನೋಡಿದ ಮ್ಯಾಲೆ ಮುಚ್ಚಾಕ ಆಗಲಿಲ್ಲ. ಹೆಣ ಕಣ್ಣ ತಗದದ್ದು ಯಾರರ ನೋಡಿದ್ರೋ ಏನೋ ಅಂತ ಈಗೂ ಹೆದರಿಕಿ ಐತಿ ನನಗ.”

ಈಗ ಸಭೆಯೆಲ್ಲ ನಕ್ಕಿತು. ದತ್ತಾತ್ರೇಯ ಮಾತ್ರ ನಗಲಿಲ್ಲ.

“ಬರದಾತನ ಹನ್ನೊಂದು ಸಾಲು ಬಿಟ್ಟದ್ದು ತಪ್ಪು,” ಎಂದರು. “ಅವತ್ತೂ ಹಂಗಂದೆ, ಇವತ್ತೂ ಅಂತೀನಿ. ಆದ್ರ ಎರಡು ಪಿಚ್ಚರ್ ಹೋಲಿಸ್ರಿ ಅಂದ್ರ ನಾ ಅವೆರಡನ್ನೂ ಈ ನಾಟಕದ ಜೋಡಿ ಹೋಲಿಸಿದೆ. ಎರಡೂ ಕಡಿಮಿ ಬಿದ್ದವು. ನನ್ನ ಮಾತು ಮುಗೀತು.” ಹಾಳೆಗಳನ್ನು ಮಡಚಿ ಕೆಳಗಿಳಿದು ಬಂದರು.

ಸುಂದರಾಬಾಯಿಯ ಇನ್ನೊಂದು ಪಕ್ಕದಲ್ಲಿ ಕೂತು ಕನ್ನಡಕ ಒರೆಸಿಕೊಂಡರು. ಆಮೇಲೆ ಅವಳ ಕಡೆ ನೋಡದೆ, “ನಿನಗ ಗೊತ್ತಿತ್ತು,” ಎಂದರು.

“ಗೊತ್ತಿತ್ರಿ.”

“ಅಷ್ಟು ವರ್ಷ?”

“ನೀವು ಹೊಗಳಲಿಕ್ಕತ್ತಿದ್ರಿ. ನಡುವ ಬಾಯಿ ಯಾಕ ಹಾಕ್ಲಿ?”

ಚಹಾ ಬಂತು. ಅನ್ವಿತಾ ಕಪ್ ಹಿಡಿದು ಸುಂದರಾಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. “ಆಂಟಿ, ನಂಗೂ ಹಾಗೇ ಕಲಿಸಿಕೊಡ್ತೀರಾ? ಏನೂ ಮಾತಾಡದೆ ಕೂರೋದು?”

“ಕಲಿಸ್ತೀನಿ. ಮೊದಲ ಹನ್ನೊಂದೂ ಸಾಲು ಬಾಯಿಪಾಠ ಮಾಡ್ಕೊಂಡು ಬಾ.”

“ಹೇಳೋದೇ ಇಲ್ವಲ್ಲ, ಯಾಕೆ?”

“ಬಾಯಾಗ ಇರಬೇಕು. ಇಲ್ಲಂದ್ರ ಮರೆತಾಳ ಅಂತಾರ ಜನ.”

ಸ್ಮರಣ ಸಂಚಿಕೆಯಿಂದ ದತ್ತಾತ್ರೇಯರ ಲೇಖನವನ್ನು ಅವರೇ ವಾಪಸು ತೆಗೆದುಕೊಂಡು, ಬುಧವಾರ ತಿದ್ದಿ ಕೊಟ್ಟರು. ಶನಿವಾರ ನಾಲ್ಕು ಗಂಟೆಗೆ ಅನ್ವಿತಾ ಕಾಚಿಗುಡಾದ ಮನೆಗೆ ಬಂದಳು. ಅವಳಿಗೆ ಏಳು ಸಾಲು ಬಂದಿದ್ದವು.