ಬಾಣಂತಿ ಕೋಣೆಯ ಮುಲಾಮು

೨೦೧೪ರ ಜೂನ್ ಒಂಬತ್ತರಂದು, ಮೂವತ್ತು ಗ್ರಾಂ ತೂಕದೊಂದಿಗೆ ನಾನು ಹುಟ್ಟಿದೆ. ತಾರೀಖೂ ತೂಕವೂ ನನ್ನ ಮೈಮೇಲೆಯೇ ಅಚ್ಚಾಗಿದ್ದವು. ಅವೆರಡನ್ನು ಬಿಟ್ಟು ಬೇರೆ ಯಾವುದನ್ನೂ ಸುಲಭವಾಗಿ ನಂಬುವ ಸ್ವಭಾವ ನನ್ನದಲ್ಲ. ನಾನೊಂದು ಮೂಲವ್ಯಾಧಿಯ ಮುಲಾಮಿನ ಟ್ಯೂಬು.

ಮದ್ದೂರಿನ ಔಷಧಿ ಅಂಗಡಿಯಲ್ಲಿ ನನ್ನ ವಾಸ ಕೆಳಗಿನ ಡ್ರಾಯರಿನಲ್ಲಿ. ನನ್ನಂಥವನ್ನು ಕೊಳ್ಳುವವರೆಲ್ಲ ದನಿ ತಗ್ಗಿಸಿ, ಬೇರೆ ಯಾರಿಗೋ ಬೇಕೆನ್ನುತ್ತಿದ್ದರು. ಲಿಂಗರಾಜುವೂ ಹಾಗೆಯೇ ಅಂದ. ಅಂಗಡಿಯವನು ನಂಬಲಿಲ್ಲ; ನಾನೂ ನಂಬಲಿಲ್ಲ. ಆದರೆ ಅವನು ಹೇಳಿದ್ದು ನಿಜ. ಅವನ ಹೆಂಡತಿ ಶಶಿಕಲಾ ಎರಡನೆಯ ಮಗುವಿನ ಬಾಣಂತಿ. ಕೂಸಿಗೆ ಲಸಿಕೆ ಹಾಕಿಸಲು ಹೋದಾಗ ತನ್ನ ನೋವನ್ನೂ ಹೇಳಿಕೊಂಡಿದ್ದಳು. "ಇನ್ನೂ ಶುರುವಿನಲ್ಲಿದೆ. ಮುಲಾಮು ಹಚ್ಚಿ, ಚೆನ್ನಾಗಿ ನೀರು ಕುಡಿಯಿರಿ, ಸೊಪ್ಪು ತಿನ್ನಿ," ಎಂದಿದ್ದರು ಡಾಕ್ಟರಮ್ಮ.

ಮುಲಾಮು ಬಂತು, ನೀರೂ ಸೊಪ್ಪೂ ಬರಲಿಲ್ಲ. ಆ ಕೋಣೆಯ ಪಥ್ಯ ಅತ್ತೆ ಪುಟ್ಟಲಿಂಗಮ್ಮನದು: ಮೆಣಸಿನ ಸಾರು, ಬಿಸಿ ಅನ್ನ, ಅರ್ಧ ಲೋಟ ಕಾಯಿಸಿದ ನೀರು. ಕಕ್ಕಸಿಗೆ ಹೋಗಲು ಹೆದರಿ ಸೊಸೆ ಊಟ ಬಿಟ್ಟಳು. ಎದೆಹಾಲು ಕಡಿಮೆಯಾಯಿತು. ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತು.

"ಮೈ ಇಳಿಸ್ಕೊಳ್ಳೋ ಆಸೆಯೇನವ್ವ? ಕೂಸಿನ ಹೊಟ್ಟೆ ಹೊಡ್ದು?" ಎಂದು ಅತ್ತೆ ಕುಟುಕಿದಳು. ಆದರೆ ಅವಳ ಕಣ್ಣು ಸೊಸೆಯ ಮುಖದ ಮೇಲಿರಲಿಲ್ಲ. ಮಂಚದ ಮೇಲೆ ಸೊಸೆ ಒಂದು ಮಗ್ಗುಲಿಗೆ ಕೂರುತ್ತಿದ್ದ ರೀತಿಯ ಮೇಲಿತ್ತು. ನನಗೆ ಅನುಮಾನ ಹುಟ್ಟಿದ್ದು ಆಗ.

ಹಾಸಿಗೆಯಡಿಯ ಬಟ್ಟೆಗಂಟಿನಲ್ಲಿ ಅಡಗಿದ್ದ ನಾನು, ಕರಗಬೇಕಾದುದಕ್ಕಿಂತ ಬೇಗ ಕರಗತೊಡಗಿದೆ. ಶಶಿಕಲಾ ಗಂಡನನ್ನು ಹಿಡಿದಳು.

"ನೀವೇನಾದ್ರೂ ಹಚ್ಕೊಂಡ್ರಾ?"

"ನಂಗ್ಯಾಕೆ ಬೇಕೇ ಅದು! ತಂದುಕೊಟ್ಟಿದ್ದಕ್ಕೆ ನನ್ನ ತಲೆಗೇ ಕಟ್ತೀಯಲ್ಲ!"

ಕದಿಯುವ ಬೆರಳು ಯಾರದೆಂದು ನನಗೆ ಗೊತ್ತಿತ್ತು. ನೀರೆರೆದ ಮೇಲೆ ಬಾಣಂತಿ ಸಾಂಬ್ರಾಣಿ ಹೊಗೆಯಲ್ಲಿ ಮಂಪರಾಗಿ ಮಲಗಿದಾಗ, ಅರಿಶಿನದ ವಾಸನೆಯ ಒರಟು ಕೈಯೊಂದು ಗಂಟಿನೊಳಗೆ ಇಳಿಯುತ್ತಿತ್ತು. ಒಂದು ಮಧ್ಯಾಹ್ನ ಸೊಸೆ ಕಣ್ಣು ಬಿಟ್ಟಳು.

"ಅತ್ತೆ, ನೀವಾ?"

ಪುಟ್ಟಲಿಂಗಮ್ಮ ನನ್ನನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಯ ಕಡೆ ತಿರುಗಿದಳು. "ಲಿಂಗ್ರಾಜು ಹುಟ್ಟಿದಾಗ ಶುರುವಾದದ್ದು ಕಣವ್ವ. ಯಾರ ಹತ್ರ ಬಾಯಿ ಬಿಡ್ಲಿ? ನೀನು ಕೂತ್ಕೊಳ್ಳೋದ್ನ ನೋಡ್ದಾಗ್ಲೇ ಗೊತ್ತಾಯ್ತು ನಂಗೆ."

"ಗೊತ್ತಿದ್ದೂ ನೀರು ಕೊಡ್ಲಿಲ್ವಾ? ನೀರಿಲ್ದಿದ್ರೆ ಗಟ್ಟಿಯಾಗಿ ಇನ್ನೂ ಕೆಡುತ್ತಂತೆ, ಡಾಕ್ಟ್ರೇ ಹೇಳಿದ್ರು."

"ನಮ್ಮತ್ತೆ ನಂಗೆ ಕೊಟ್ಟಷ್ಟೇ ನಿಂಗೂ ಕೊಟ್ಟೆ ಕಣವ್ವ. ಜಾಸ್ತಿ ಕೊಟ್ರೆ ಕೂಸಿಗೆ ಶೀತ ಆಗುತ್ತೆ ಅಂತಿದ್ರು." ನನ್ನನ್ನು ಗಂಟಿನೊಳಗೆ ತುರುಕಿ ಎದ್ದು ಹೋದಳು. ತಿರುಗಿ ಬಂದಾಗ ಕೈಯಲ್ಲಿ ತುಂಬಿದ ಚೊಂಬಿತ್ತು. ರಾತ್ರಿ ತಟ್ಟೆಗೆ ಸಬ್ಬಸಿಗೆ ಸೊಪ್ಪು ಬಂತು.

ಶಶಿಕಲಾಳ ನೋವು ನಾನು ಮುಗಿಯುವ ಮೊದಲೇ ಮುಗಿಯಿತು. ಕೂಸು ಹೊಟ್ಟೆ ತುಂಬ ಕುಡಿದು ಮಲಗತೊಡಗಿತು. ಅತ್ತೆಯ ಪಾಲಿಗೆ ಮಾತ್ರ ನನ್ನ ತಂಪು ಮರುದಿನದವರೆಗೂ ಉಳಿಯುತ್ತಿರಲಿಲ್ಲ. ಮೂವತ್ತು ವರ್ಷ ಬೇರುಬಿಟ್ಟದ್ದನ್ನು ಮೂವತ್ತು ಗ್ರಾಂ ಕೀಳಲಾರದು.

ಮುಂದಿನ ಲಸಿಕೆಯ ದಿನ ಸೊಸೆ ಆಟೋ ತರಿಸಿದಳು. "ನೀವೂ ಹತ್ತಿ ಅತ್ತೆ."

"ಈ ವಯಸ್ನಲ್ಲಿ ತೋರ್ಸೋದಾ? ನಾಚ್ಕೆಗೇಡು!"

"ನಾನೂ ಒಳಗೆ ಬರ್ತೀನಿ. ಹತ್ತಿ."

ಈಗ ನಾನು ಬಾಲದಿಂದ ಕುತ್ತಿಗೆಯವರೆಗೆ ಸುರುಳಿಯಾಗಿ, ಡಾಕ್ಟರಮ್ಮನ ಮೇಜಿನ ಮೇಲೆ ಬಿದ್ದಿದ್ದೇನೆ. ಪುಟ್ಟಲಿಂಗಮ್ಮ ಸೊಸೆಯ ಕೈ ಹಿಡಿದು ಪರದೆಯ ಹಿಂದಕ್ಕೆ ಹೋದಳು. ಸೊಸೆಯ ಲೆಕ್ಕ ನಾನು ತೀರಿಸಿದ್ದೇನೆ. ಅತ್ತೆಯದು ಬಾಕಿ, ಅದನ್ನು ಇನ್ನು ಪರದೆಯ ಆಚೆಯ ಡಾಕ್ಟರಮ್ಮನೇ ತೀರಿಸಬೇಕು.