ಫುಲ್ ಬಂತು, ಇಳೀರಿ

ಕುಮುದಿನಿಯ ದಿನ ಆರಂಭವಾಗುವುದು ನೆರೆಕರೆ ನೋಡುವುದರಿಂದ. ಮನೆಯ ನೆರೆಕರೆಯಲ್ಲ, ರೌಟರುಗಳ ನೆರೆಕರೆ. ಅವಳು ಕೆಲಸ ಮಾಡುವ ಇಂಟರ್ನೆಟ್ ಕಂಪನಿಗೆ ಪುತ್ತೂರು, ನೆಲ್ಯಾಡಿ, ಕಡಬ, ಪಂಜ, ಸುಳ್ಯ ಎಂದು ಐದು ಕಡೆ ರೌಟರುಗಳಿವೆ. ಉಂಗುರದಂತೆ ಒಂದರಿಂದ ಒಂದಕ್ಕೆ ಫೈಬರ್ ಎಳೆದಿದ್ದಾರೆ. ಪ್ರತಿಯೊಂದು ರೌಟರೂ ಹತ್ತು ಸೆಕೆಂಡಿಗೊಮ್ಮೆ ಎಡಬಲದವರನ್ನು ಮಾತಾಡಿಸುತ್ತಲೇ ಇರಬೇಕು. ನಲವತ್ತು ಸೆಕೆಂಡು ಸದ್ದಿಲ್ಲದಿದ್ದರೆ ಆಚೆಯವನು ಸತ್ತನೆಂದು ಲೆಕ್ಕ, ಹೆಸರು ಪಟ್ಟಿಯಿಂದಲೇ ಹೋಯಿತು. ಮನುಷ್ಯರ ನೆರೆಕರೆಗೆ ಈ ಕಾನೂನು ಬಂದರೆ ಪುತ್ತೂರಿನ ಅರ್ಧ ಜನ ಬದುಕಿದ್ದೂ ಪಟ್ಟಿಯಲ್ಲಿ ಇರುವುದಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಅವಳು ಒಂದೊಂದೇ ರೌಟರಿನ ಒಳಹೊಕ್ಕು ನಾಲ್ಕು ಪದದ ಆಜ್ಞೆ ಟೈಪು ಮಾಡುತ್ತಾಳೆ. ಐದು ಜೋಡಿಗಳ ಎದುರು ಐದು ಸಲ ‘ಫುಲ್’ ಎಂದು ಕಾಣಿಸಿಕೊಂಡರೆ ಉಂಗುರ ಸರಿ ಇದೆ ಎಂದರ್ಥ. ಆಗ ಒಂದು ಕಡೆ ಫೈಬರ್ ತುಂಡಾದರೂ ಇನ್ನೊಂದು ಸುತ್ತಿನಿಂದ ಇಂಟರ್ನೆಟ್ ಹೋಗುತ್ತದೆ, ಊರಿಗೆ ಗೊತ್ತೇ ಆಗುವುದಿಲ್ಲ. ಕಂಡದ್ದನ್ನು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಧಣಿ ಮುರಳಿಕೃಷ್ಣರ ಮೇಜಿನ ಮೇಲೆ ಇಡುವುದು ಅವಳ ಕೆಲಸ. ಬಿಲ್ಲಿನ ಕೌಂಟರಿನಲ್ಲಿ ಕೂತಿದ್ದವಳು ನೋಡಿ ನೋಡಿಯೇ ಇದನ್ನು ಕಲಿತಿದ್ದಳು. ಹನ್ನೊಂದು ವರ್ಷದಲ್ಲಿ ಒಂದು ಹಾಳೆಯೂ ಸುಳ್ಳು ಬರೆದವಳಲ್ಲ.

ತುಂಡಾದ ಫೈಬರನ್ನು ಜೋಡಿಸುವವರು ಪಂಜದ ಅಚ್ಚುತ. ಕೂದಲಿಗಿಂತ ಸಪೂರದ ಗಾಜಿನ ಎಳೆ ಅದು. ಏಣಿ ಹತ್ತಿ, ಕಂಬಕ್ಕೆ ಬೆಲ್ಟು ಬಿಗಿದುಕೊಂಡು, ಗಾಳಿಯಲ್ಲಿ ನಿಂತೇ ಎರಡು ತುದಿ ಕೂಡಿಸಬೇಕು. ಜೋಡಣೆ ಗಟ್ಟಿಯಾಯಿತೇ ಎಂದು ಅಳೆಯುವ ಮೀಟರು ಕೆಟ್ಟು ವರ್ಷ ಕಳೆದಿದೆ. ಹೊಸತು ತರುತ್ತೇನೆಂದು ಧಣಿಗಳು ಹೇಳುತ್ತಲೇ ಇದ್ದಾರೆ. ಕಂಬದ ಮೇಲಿನ ಪೆಟ್ಟಿಗೆಯ ಹಸಿರು ದೀಪವನ್ನು ನಂಬುವಂತಿಲ್ಲ. ಜೋಡಣೆ ಅರೆಬರೆ ಆದರೂ ಅದು ಉರಿಯುತ್ತದೆ, ಸಣ್ಣಪುಟ್ಟ ಮಾತು ದಾಟುತ್ತದೆ, ದೊಡ್ಡದು ಕಳಿಸಿದರೆ ಚೂರಾಗಿ ಬೀಳುತ್ತದೆ. ನಿಜ ಗೊತ್ತಾಗುವುದು ಪುತ್ತೂರಿನಲ್ಲಿ, ಕುಮುದಿನಿಯ ಪರದೆಯ ಮೇಲೆ ಮಾತ್ರ. ಹಾಗಾಗಿ ಅಚ್ಚುತ ಕಂಬದ ಮೇಲಿಂದಲೇ ಅವಳಿಗೆ ಫೋನ್ ಮಾಡುವರು, ಕಿವಿಗೆ ಇಟ್ಟುಕೊಂಡೇ ಕಾಯುವರು. ‘ಫುಲ್ ಬಂತು, ಇಳೀರಿ’ ಎಂದು ಅವಳ ಬಾಯಿಂದ ಬಂದ ಮೇಲೆಯೇ ಕಾಲು ಕೆಳಗಿಡುವುದು.

ಅಚ್ಚುತರಿಗೆ ಐವತ್ತೇಳು. ಒಂದು ವರ್ಷದಿಂದ ಕೈ ಸಣ್ಣಗೆ ನಡುಗುತ್ತಿತ್ತು. ಆ ಮಳೆಗಾಲದಲ್ಲಿ ಅವರು ಮಾಡಿದ ಎರಡು ಜೋಡಣೆಗಳನ್ನು ಮತ್ತೆ ಹೋಗಿ ಮಾಡಬೇಕಾಗಿ ಬಂದಿತ್ತು.

“ಇನ್ನೊಂದು ಸಲ ಹೀಗಾದ್ರೆ ಲೈನಿನ ಕೆಲಸ ಹೊರಗಿನವರಿಗೆ ಕೊಡುದೇ. ಅಚ್ಚುತಣ್ಣ ಮನೆಯಲ್ಲಿ ಕೂತುಕೊಳ್ಳಲಿ” ಎಂದು ಮುರಳಿಕೃಷ್ಣ ಅಕ್ಟೋಬರದ ಒಂದು ಬೆಳಿಗ್ಗೆ ಕುಮುದಿನಿಯ ಎದುರೇ ಹೇಳಿದರು. ಅವರು ಕೆಟ್ಟವರಲ್ಲ, ಆದರೆ ಹೇಳಿದ್ದನ್ನು ಮಾಡುವವರು.

ಅದೇ ವಾರ ಕೋಡಿಂಬಾಳದ ತಿರುವಿನಲ್ಲಿ ರಬ್ಬರ್ ಮರದ ಗೆಲ್ಲು ಬಿದ್ದು ಕಡಬ–ಪಂಜದ ಫೈಬರ್ ತುಂಡಾಯಿತು. ಅಚ್ಚುತ ಕಂಬ ಹತ್ತುವಾಗ ಮಧ್ಯಾಹ್ನ ಮೂರು ಗಂಟೆ. ನಾಲ್ಕಕ್ಕೆ ಮೋಡ ಕವಿದು ಗುಡುಗು ಶುರುವಾಯಿತು. ಮಳೆಗಾಲ ಮುಗಿದ ಮೇಲಿನ ಸಿಡಿಲು ಎಂಥದ್ದೆಂದು ಆ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ, ಪ್ರತಿ ವರ್ಷ ಯಾರಾದರೊಬ್ಬರನ್ನು ಕೊಂಡೊಯ್ಯದೆ ಅದು ಹೋಗುವುದಿಲ್ಲ. ಮೊದಲ ಸಲ ಜೋಡಿಸಿದರು, ಆಗಲಿಲ್ಲ. ಎರಡನೆಯದೂ ಆಗಲಿಲ್ಲ. ಮೂರನೆಯ ಸಲ ಪರದೆಯಲ್ಲಿ ‘ಎಕ್ಸ್‌ಸ್ಟಾರ್ಟ್’ ಎಂದು ಬಂದು ಅಲ್ಲೇ ನಿಂತುಬಿಟ್ಟಿತು. ಎರಡೂ ರೌಟರುಗಳು ಪರಸ್ಪರ ಗುರುತು ಹಿಡಿದಿವೆ, ಮುಂದಿನ ಮಾತಿಗೆ ದಾರಿ ಸಿಗುತ್ತಿಲ್ಲ.

“ಬಂತಾ ಮಾರಾಯ್ತಿ?” ಎಂದರು ಅಚ್ಚುತ. ಗಾಳಿಯ ಸದ್ದಿನಲ್ಲಿ ಸ್ವರ ಅರ್ಧ ಕೇಳುತ್ತಿತ್ತು.

“ಸ್ವಲ್ಪ ನಿಲ್ಲಿ.”

ಫೋನಿನೊಳಗೇ ಸಿಡಿಲು ಹೊಡೆದ ಹಾಗಾಯಿತು. ಇಲ್ಲ ಎಂದರೆ ನಾಲ್ಕನೆಯ ಸಲ ಶುರುಮಾಡುತ್ತಾರೆ, ಇಳಿಯುವ ಜಾತಿಯಲ್ಲ ಆ ಮನುಷ್ಯ. ಅವಳು ಪರದೆಯನ್ನು ನೋಡುತ್ತಲೇ ಹೇಳಿದಳು: “ಫುಲ್ ಬಂತು, ಇಳೀರಿ.”

ನಾಳೆ ನಿಜ ಹೇಳಿ ಸರಿಮಾಡಿಸಿದರಾಯಿತು ಎಂದುಕೊಂಡಿದ್ದಳು. ಮರುದಿನ ಅಚ್ಚುತ ತಾವಾಗಿಯೇ ಆಫೀಸಿಗೆ ಬಂದರು. “ಮೂರನೇ ಸಲಕ್ಕೆ ಹಿಡೀತು ನೋಡಿ. ಕೈಯಲ್ಲಿ ಇನ್ನೂ ಕಸುಬು ಉಂಟು” ಎಂದು ಎರಡೂ ಅಂಗೈ ತೋರಿಸಿದರು. ಆ ಮುಖ ನೋಡಿದ ಮೇಲೆ ನಿಜ ಹೇಳಲಾಗಲಿಲ್ಲ. ಇನ್ನೊಮ್ಮೆ ಜೋಡಿಸಬೇಕೆಂದರೆ ಜೀಪು ಬೇಕು, ಜೀಪು ಬೇಕೆಂದರೆ ಧಣಿಗಳಿಗೆ ಹೇಳಬೇಕು, ಹೇಳಿದರೆ ಅಚ್ಚುತರ ಕೆಲಸ ಹೋಯಿತು. ಅವಳು ಹಾಳೆಯಲ್ಲಿ ಕಡಬ–ಪಂಜದ ಎದುರು ಫುಲ್ ಎಂದು ಬರೆದು ಸಹಿ ಹಾಕಿದಳು. ಮರುದಿನವೂ ಬರೆದಳು. ಬರೆಯುವುದು ದಿನದಿಂದ ದಿನಕ್ಕೆ ಸುಲಭವಾಗುತ್ತ ಹೋಯಿತು, ಅದೇ ಅವಳಿಗೆ ಹೆದರಿಕೆ. ಕಡಬಕ್ಕೆ ನೆಲ್ಯಾಡಿಯಿಂದ ಬರುವ ಲೈನು ಗಟ್ಟಿಯಾಗಿತ್ತು, ಯಾರಿಗೂ ತೊಂದರೆ ಇರಲಿಲ್ಲ.

ಹತ್ತೊಂಬತ್ತನೆಯ ದಿನ ನೆಲ್ಯಾಡಿಯಲ್ಲಿ ಹೆದ್ದಾರಿ ಅಗಲ ಮಾಡುವ ಜೆಸಿಬಿಯೊಂದು ಕಡಬದ ಕಡೆಯ ಫೈಬರನ್ನು ಬೇರು ಸಮೇತ ಎಳೆದು ಹಾಕಿತು. ಪಂಜದ ಸುತ್ತಿನಿಂದ ಹೋಗಬೇಕಿದ್ದ ಇಂಟರ್ನೆಟ್ ಹೋಗಲಿಲ್ಲ. ಇಡೀ ಕಡಬ ಏಳು ಗಂಟೆ ಹೊತ್ತು ಸುಮ್ಮನಾಯಿತು. ರೇಷನ್ ಅಂಗಡಿಯಲ್ಲಿ ಬೆರಳೊತ್ತುವ ಯಂತ್ರ ನಿಂತು, ಕೆಲಸ ಬಿಟ್ಟು ಬಂದ ಜನ ಬರಿಯ ಚೀಲ ಹಿಡಿದು ವಾಪಸು ಹೋದರು. ಆಫೀಸಿಗೆ ಬಂದ ಬೈಗುಳಗಳನ್ನೆಲ್ಲ ಕೇಳಿಸಿಕೊಂಡವಳು ಕುಮುದಿನಿಯೇ. ಇವು ತನಗೇ ಸೇರಬೇಕಾದವು ಎಂದು ಬೈದವರಿಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು.

ಮರುದಿನ ಮುರಳಿಕೃಷ್ಣ ಅಚ್ಚುತರನ್ನು ಕರೆಸಿದರು. ಕಂಪನಿಯ ಇಂಜಿನಿಯರ್ ವಿಷ್ಣುಪ್ರಸಾದ್ ಪಕ್ಕದಲ್ಲಿ ನಿಂತಿದ್ದ, ಕುಮುದಿನಿಯೂ ಅಲ್ಲೇ ಇದ್ದಳು. ಹತ್ತೊಂಬತ್ತು ಹಾಳೆಗಳು ಮೇಜಿನ ಮೇಲಿದ್ದವು.

“ನಿನ್ನೆ ಬೆಳಿಗ್ಗೆವರೆಗೂ ಫುಲ್ ಉಂಟು. ಬೇಕಾದ ಹೊತ್ತಿಗೆ ನಿಮ್ಮ ಜಾಯಿಂಟು ಕೈ ಕೊಟ್ಟಿತು” ಎಂದರು ಮುರಳಿಕೃಷ್ಣ. “ಸಾಕು ಅಚ್ಚುತಣ್ಣ. ವಯಸ್ಸಾಯ್ತು.”

ಅಚ್ಚುತ ಬಗ್ಗಲಿಲ್ಲ. “ನನ್ನ ಜಾಯಿಂಟು ಹಾಗೆಲ್ಲ ಬಿಡುದಿಲ್ಲ. ಸಿಡಿಲಿನಲ್ಲಿ ನಿಂತು ಮೂರು ಸಲ ಮಾಡಿದ್ದು. ಫುಲ್ ಬಂದ ಮೇಲೆಯೇ ಇಳಿದದ್ದು. ಬೇಕಾದ್ರೆ ಕುಮುದಿನಿಯವರನ್ನು ಕೇಳಿ, ಅವರು ಸುಳ್ಳು ಹೇಳುವವರಲ್ಲ.”

ಮೂವರೂ ಅವಳ ಕಡೆ ತಿರುಗಿದರು. ಒಂದು ‘ಹೌದು’ ಎಂದರೆ ಅವಳು ಉಳಿಯುತ್ತಿದ್ದಳು, ಅವರು ಹೋಗುತ್ತಿದ್ದರು.

“ಫುಲ್ ಬರಲೇ ಇಲ್ಲ” ಎಂದಳು ಕುಮುದಿನಿ. “ಅವತ್ತೂ ಇಲ್ಲ, ಮತ್ತೆಯೂ ಇಲ್ಲ. ನಾನೇ ಬರೆದದ್ದು.”

ವಿಷ್ಣುಪ್ರಸಾದ್ ಕಡಬದ ರೌಟರಿನ ಹಳೆಯ ದಾಖಲೆ ತೆರೆದು ನೋಡಿ ಹೌದೆಂದು ತಲೆಯಾಡಿಸಿದ. ಮುರಳಿಕೃಷ್ಣ ಹಾಳೆಗಳನ್ನು ಒಟ್ಟು ಮಾಡಿ, ಎರಡಾಗಿ ಮಡಚಿಟ್ಟರು. ಕೊನೆಗೆ ತೀರ್ಮಾನವಾದದ್ದು ಇಷ್ಟು. ಅಚ್ಚುತರದು ತಪ್ಪಿಲ್ಲ, ಕೆಟ್ಟಿದೆ ಎಂದು ಹೇಳಿದ್ದರೆ ಸರಿಮಾಡಿಯೇ ಇಳಿಯುತ್ತಿದ್ದರು, ಅವರು ಮುಂದುವರಿಯಲಿ. ಆ ಕುರ್ಚಿಗೆ ಬೇರೆ ಯಾರೂ ಸಿಗದ ಕಾರಣ ಕುಮುದಿನಿಯೂ ಇರಲಿ, ಆದರೆ ಇನ್ನು ಮೇಲೆ ಹಾಳೆಗೆ ವಿಷ್ಣುಪ್ರಸಾದನ ಸಹಿಯೂ ಬೇಕು.

ಕೆಲಸ ಉಳಿಯಿತಲ್ಲ ಎಂದು ಅವಳಿಗೆ ನಿಜಕ್ಕೂ ಸಮಾಧಾನವಾಯಿತು. ಮೆಟ್ಟಿಲಿನವರೆಗೆ ಅಚ್ಚುತರ ಹಿಂದೆಯೇ ಹೋದಳು.

“ಸಿಡಿಲು ಇತ್ತು ಅಚ್ಚುತಣ್ಣ. ನೀವು ಮೇಲೆ ಇದ್ರಿ. ನನಗೆ ಹೆದರಿಕೆ ಆಯ್ತು.”

ಅವರು ಮೆಟ್ಟಿಲ ಕೈಹಿಡಿ ಹಿಡಿದು ನಿಂತರು. “ಸಿಡಿಲು ನನಗೆ ಕಾಣ್ತಿತ್ತು. ಇಳಿಯುದಾ ಬೇಡವಾ ಅಂತ ನಾನು ನೋಡಿಕೊಳ್ತಿದ್ದೆ. ನನಗೆ ಕಾಣದ್ದನ್ನು ಮಾತ್ರ ನಾನು ನಿಮ್ಮ ಹತ್ರ ಕೇಳಿದ್ದು.”

“ಅದೊಂದು ಸಲ ಮಾತ್ರ.”

“ಹ್ಞಾಂ” ಎಂದರು ಅಚ್ಚುತ. ಮಕ್ಕಳ ಮಾತಿಗೆ ಹೂಂಗುಟ್ಟುವ ಹಾಗಿತ್ತು ಅದು. “ಬರ್ತೇನೆ ಮೇಡಂ.”

ಹನ್ನೊಂದು ವರ್ಷದಲ್ಲಿ ಅವರು ಅವಳನ್ನು ಮೇಡಂ ಎಂದದ್ದಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇದನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ಅವಳಿಗೆ ತಿಳಿಯಲಿಲ್ಲ.

ಎಂಟು ದಿನ ಕಳೆದು ಪಂಜ–ಸುಳ್ಯದ ಲೈನು ಹೋಯಿತು. ಸುಡು ಬಿಸಿಲು, ಮಧ್ಯಾಹ್ನ ಒಂದೂಕಾಲು ಗಂಟೆ. ಅಚ್ಚುತ ಕಂಬದ ಮೇಲಿಂದ ಫೋನ್ ಮಾಡಿದರು. ಕುಮುದಿನಿ ನೆರೆಕರೆ ನೋಡಿದಳು. ಒಂದೇ ಸಲಕ್ಕೆ, ಅವಳು ಉಸಿರು ಬಿಡುವುದರೊಳಗೆ, ಫುಲ್ ಬಂತು. ಅಷ್ಟು ಚೆಂದದ ಜೋಡಣೆ ಅವರು ಈ ವರ್ಷ ಮಾಡಿರಲಿಲ್ಲ.

“ಫುಲ್ ಬಂತು, ಇಳೀರಿ.”

“ವಿಷ್ಣುಪ್ರಸಾದರ ಹತ್ರ ಫೋನ್ ಕೊಡಿ ಮೇಡಂ.”

“ಊಟಕ್ಕೆ ಹೋಗಿದ್ದಾರೆ. ಬಂದಿದೆ ಅಚ್ಚುತಣ್ಣ, ಕಣ್ಣೆದುರೇ ಉಂಟು. ದೇವರಾಣೆ.”

“ಇರಲಿ. ಬರಲಿ ಅವರು.”

ಅವಳು ವಿಷ್ಣುಪ್ರಸಾದನಿಗೆ ಆಫೀಸಿನ ಇನ್ನೊಂದು ಫೋನಿನಿಂದ ಮಾಡಿದಳು. ಅವನ ಮೊಬೈಲು ಪಕ್ಕದ ಮೇಜಿನ ಡ್ರಾಯರಿನೊಳಗೇ ಗುಂಯ್‌ಗುಟ್ಟಿತು. ಅಚ್ಚುತ ಫೋನ್ ಇಟ್ಟಿರಲಿಲ್ಲ. ಏಣಿಯ ಮೆಟ್ಟಿಲ ಮೇಲೆ ಅವರು ಕಾಲು ಬದಲಿಸುವುದು, ಬೆಲ್ಟಿನ ಕೊಂಡಿ ಕಂಬಕ್ಕೆ ತಾಗುವುದು, ಒಮ್ಮೆ ಕೆಮ್ಮಿದ್ದು, ಎಲ್ಲವೂ ಕೇಳುತ್ತಿತ್ತು. ಕುಮುದಿನಿ ಎರಡು ಸಲ ಕರೆದಳು. ಉತ್ತರ ಬರಲಿಲ್ಲ.

ವಿಷ್ಣುಪ್ರಸಾದ್ ಎರಡು ಗಂಟೆಗೆ ಕೈ ಒರೆಸಿಕೊಳ್ಳುತ್ತ ಬಂದ. ಅವಳು ಮಾತಾಡದೆ ಫೋನನ್ನು ಅವನ ಕೈಗೆ ಕೊಟ್ಟಳು. ಅವನು ಪರದೆಯ ಕಡೆ ಬಗ್ಗಿ ನೋಡಿ, “ಬಂದಿದೆಯಲ್ಲ, ಇಳೀರಿ” ಎಂದ.

“ಆಯ್ತು” ಎಂದು ಅಚ್ಚುತ ಇಳಿದರು.