ಎರಡು ಮೊಳ ಕನಕಾಂಬರ

ಗುರುಮಲ್ಲಮ್ಮ ನನ್ನನ್ನು ಯಾವತ್ತೂ ಮೇಡಂ ಅಂದವಳಲ್ಲ. ಹಂಗಳದಿಂದಾಚೆ, ಕಾಡಂಚಿನ ಪುಟ್ಟ ಊರೊಂದರ ಅಂಗನವಾಡಿಯಲ್ಲಿ ಅವಳು ಸಹಾಯಕಿ, ನಾನು ಸೂಪರ್‌ವೈಸರು. ಆದರೂ ಅವಳ ಬಾಯಲ್ಲಿ ನಾನು ಚೈತ್ರವ್ವ, ಬರೀ ನೀನು. ಅದು ನನಗೂ ಇಷ್ಟವಾಗಿತ್ತು.

ಆ ಅಂಗನವಾಡಿಯ ಹಿಂದಿನ ಗೋಡೆ ಮಳೆಗೆ ನೆನೆದು, ಬಿರುಕು ಬಿಟ್ಟು, ಒಳಕ್ಕೆ ಉಬ್ಬಿತ್ತು. ಇದ್ದದ್ದೇ ಒಂದು ಕೋಣೆ. ಅರ್ಧ ಜಾಗ ಒಲೆಗೆ, ಮೂಟೆಗಳಿಗೆ. ಹೊರಗೆ ಜಗಲಿಯಲ್ಲಿ ಮಲಗಿಸೋಣವೆಂದರೆ ನಾಯಿಕಾಟ. ಹಾಗಾಗಿ ಮಧ್ಯಾಹ್ನ ಇಪ್ಪತ್ತೆರಡು ಮಕ್ಕಳು ಆ ಗೋಡೆಯ ಬುಡದಲ್ಲೇ ಮಲಗುತ್ತಿದ್ದವು. ನಾನು ಬರೆದ ಮೂರು ಪತ್ರಗಳು ಎಲ್ಲಿ ಹೋದವೋ ಗೊತ್ತಿಲ್ಲ. ಎರಡು ಸಾವಿರದ ಎಂಟರ ಡಿಸೆಂಬರಿನಲ್ಲಿ, ಚಾಮರಾಜನಗರದಲ್ಲಿ ವಿಡಿಯೊ ಕಾನ್ಫರೆನ್ಸ್ ಇದೆ ಅಂತ ಸುದ್ದಿ ಬಂತು. ಬೆಂಗಳೂರಿನ ದೊಡ್ಡ ಅಧಿಕಾರಿ ಟಿವಿಯಲ್ಲಿ ಬಂದು ಒಂದೊಂದೇ ತಾಲ್ಲೂಕನ್ನು ಕೇಳುತ್ತಾರಂತೆ. ಗುಂಡ್ಲುಪೇಟೆಯಿಂದ ಹೊರಟವರು ನಾನು ಮತ್ತು ನಮ್ಮ ಆಫೀಸಿನ ಗುರುಸ್ವಾಮಿ.

ಬೆಳಿಗ್ಗೆ ಗುರುಮಲ್ಲಮ್ಮ ಬಸ್‌ಸ್ಟ್ಯಾಂಡಿಗೇ ಬಂದುಬಿಟ್ಟಿದ್ದಳು, ಬಾಳೆಲೆಯಲ್ಲಿ ಹೂವು ಸುತ್ತಿಕೊಂಡು.

"ತಿರೀಕಳವ್ವ ಅತ್ಲಾಗೆ. ಟಿವಿಲಿ ಕಾಣೋಳು ಬರೀ ತಲೇಲಿ ಹೋದಾಳಾ? ಆ ಗ್ವಾಡೆ ಮಗ್ಗುಲ್ ಗಿಡದ್ದೇ ಕಣವ್ವ. ಗ್ವಾಡೆ ವಿಸ್ಯ ಮಾತ್ರ ಮರೀಬ್ಯಾಡ."

ಎರಡು ಮೊಳ ಕನಕಾಂಬರ. ಮುಡಿಸಿ, ಪಿನ್ನು ಚುಚ್ಚಿ, ದೂರ ನಿಂತು ನೋಡಿ ಖುಷಿಪಟ್ಟಳು.

ಕಾನ್ಫರೆನ್ಸ್ ಕೋಣೆಯ ಹೊರಗೆ ಕನ್ನಡಿಯ ಬೀರು ಒಂದಿತ್ತು. ಹೆಂಗಸರೆಲ್ಲ ಸಾಲಾಗಿ ನಿಂತು ಮುಖ ನೋಡಿಕೊಂಡೆವು. ಗಂಡಸರು ಎಲೆಅಡಿಕೆ ಉಗಿದು ಒಳಗೆ ಹೋದರು. ಅವರ ತಯಾರಿ ಅಷ್ಟೇ.

ದೊಡ್ಡ ಟಿವಿಯ ತುಂಬ ಅಧಿಕಾರಿ, ಕೆಳಮೂಲೆಯ ಚಿಕ್ಕ ಚೌಕದಲ್ಲಿ ನಾವು. ಅಯ್ಯೋ, ಅದು ನಾನಾ? ಹಣೆಯ ಮೇಲೆ ಎಣ್ಣೆ ಮಿಂಚುತ್ತಿತ್ತು, ಮುಖ ಇರುವುದಕ್ಕಿಂತ ಕಪ್ಪಗಿತ್ತು, ಭುಜದಿಂದ ಎದೆಯವರೆಗೆ ಹೂವು ಜೋತಾಡುತ್ತಿತ್ತು. ಪೂಜೆಗೆ ಕೂರಿಸಿದ ಕಳಶದ ಹಾಗಿದ್ದೆ. ಪಕ್ಕದಲ್ಲಿ ಗುರುಸ್ವಾಮಿಯ ಅಂಗಿಗುಂಡಿ ಬಿಚ್ಚಿ ಬನಿಯನ್ನು ಕಾಣುತ್ತಿತ್ತು, ಮೀಸೆಯಲ್ಲಿ ಬೆಳಗಿನ ಉಪ್ಪಿಟ್ಟು. ಆ ಪುಣ್ಯಾತ್ಮ ಚೌಕದ ಕಡೆ ಒಂದು ಸಲವೂ ಕಣ್ಣು ಹಾಯಿಸಲಿಲ್ಲ. ನಾನು ಮುಕ್ಕಾಲು ಗಂಟೆ ನನ್ನನ್ನೇ ನೋಡಿದೆ. ಸೆರಗು ಎಳೆದುಕೊಂಡೆ, ಹಣೆ ಒರೆಸಿಕೊಂಡೆ. ಹಿಂದೆ ಯಾರೋ ನಕ್ಕರು. ಯಾಕೆ ನಕ್ಕರೋ, ನನ್ನನ್ನು ನೋಡಿಯೇ ಅಂದುಕೊಂಡೆ.

ತಡೆಯಲಾಗಲಿಲ್ಲ. ಮೇಜಿನ ಕೆಳಗೆ ಬಗ್ಗಿ ಹೂವನ್ನು ಕಿತ್ತು ಬ್ಯಾಗಿಗೆ ತುರುಕತೊಡಗಿದೆ. ಪಿನ್ನು ಕೂದಲಿಗೆ ಸಿಕ್ಕಿಕೊಂಡಿತು. ಆಗಲೇ ಟಿವಿಯಿಂದ ದನಿ ಬಂತು: "ಗುಂಡ್ಲುಪೇಟೆ, ಕಟ್ಟಡಗಳದ್ದು ಏನಾದರೂ ಸಮಸ್ಯೆ ಇದೆಯಾ?"

ಏಳಬೇಕಿತ್ತು. ಕೆದರಿದ ತಲೆಯನ್ನು ಇಡೀ ಜಿಲ್ಲೆಗೆ ತೋರಿಸಲು ಮನಸ್ಸು ಬರಲಿಲ್ಲ.

"ಏನಿಲ್ಲ ಸಾರ್, ಎಲ್ಲಾ ಸರಿಯಾಗಿದೆ," ಎಂದ ಗುರುಸ್ವಾಮಿ.

"ಗುಡ್. ಮುಂದೆ, ಕೊಳ್ಳೇಗಾಲ."

ಕೂದಲು ಸರಿಮಾಡಿಕೊಂಡು ಎದ್ದು ಕೂತೆ. ಆಮೇಲೂ ಕೈ ಎತ್ತಿ ಹೇಳಬಹುದಿತ್ತು. ಎಲ್ಲರೂ ತಿರುಗಿ ನೋಡುತ್ತಾರಲ್ಲ ಅಂತ ಎತ್ತಲಿಲ್ಲ. ಚೌಕದಲ್ಲಿ ಈಗ ಚೆನ್ನಾಗಿಯೇ ಕಾಣುತ್ತಿದ್ದೆ, ದೇವರಾಣೆ, ಒಂದು ಗಳಿಗೆ ಸಮಾಧಾನವೂ ಆಯಿತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ಮಾರನೆಯ ದಿನ ಅಂಗನವಾಡಿಗೆ ಹೋದಾಗ ಮಕ್ಕಳು ಮಲಗಿದ್ದವು. ಗುರುಮಲ್ಲಮ್ಮ ಕೈ ಒರೆಸಿಕೊಳ್ಳುತ್ತ ಓಡಿಬಂದಳು.

"ಏನಂದ್ರವ್ವ?"

"ಲೈನ್ ಕಟ್ಟಾಗಿಬಿಡ್ತು," ಎಂದೆ. ಬಸ್ಸಿನಲ್ಲೇ ಯೋಚಿಸಿಟ್ಟುಕೊಂಡಿದ್ದ ಸುಳ್ಳು.

"ಅದ್ಕೆ ನೀನೇನ್ ಮಾಡೀಯೆ, ಬುಡು," ಎಂದು, ನನಗೆಂದೇ ಬಿಡಿಸಿಟ್ಟಿದ್ದ ಅವರೆಕಾಳು ಹಾಕಲು ನನ್ನ ಬ್ಯಾಗು ತೆರೆದಳು. ಕೈಗೆ ಹೂವು ಬಂತು. ಹಿಸುಕಿಹೋಗಿ, ಕೂದಲು ಸುತ್ತಿಕೊಂಡಿದ್ದ ಹೂವನ್ನು ಒಂದಿಷ್ಟು ಹೊತ್ತು ನೋಡಿದಳು.

"ನಂದೇ ತಪ್ಪು ಕಣವ್ವ. ಅಂತಾ ದೊಡ್ಡೋರ್ ಮುಂದ್ಕೆ ಹೋಗೋಳ್ಗೆ ಅಷ್ಟುದ್ದ ಮುಡುಸ್ಬಾರ್ದಾಗಿತ್ತು. ನಾಚ್ಕೆ ಆಯ್ತೇನೋ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತು ತಡೆಯಲಾಗಲಿಲ್ಲ. ಲೈನ್ ಕಟ್ಟಾಗಿರಲಿಲ್ಲ ಅಂದೆ. ಅಧಿಕಾರಿ ಕೇಳಿದ್ದು, ಗುರುಸ್ವಾಮಿ ಹೇಳಿದ್ದು, ಎಲ್ಲ ಹೇಳಿದೆ.

"ಅವ್ರು ಕೇಳ್ದಾಗ ನೀನು ಅಲ್ಲೇ ಇದ್ಯಾ?"

"ಮೇಜಿನ ಕೆಳಗಿದ್ದೆ."

ಅವಳು ನಾಯಿ ಓಡಿಸುವ ಕೋಲನ್ನು ಹೊರಗೆ ಜಗಲಿಯಲ್ಲಿಟ್ಟು ಬಂದಳು. ಮಲಗಿದ್ದ ಮಕ್ಕಳ ಸಮೇತ ಒಂದೊಂದೇ ಜಮಖಾನವನ್ನು ಗೋಡೆಯಿಂದ ಈಚೆಗೆ, ಬಾಗಿಲಾಚೆಯ ಜಗಲಿಯ ಕಡೆಗೆ ಎಳೆಯತೊಡಗಿದಳು. ನಾನು ಬಗ್ಗಿ ಇನ್ನೊಂದು ತುದಿ ಹಿಡಿದೆ.

"ಬುಡಿ ಮೇಡಂ," ಎಂದಳು. "ನಿಮ್ ಸೀರೆ ಮಾಸ್ತದೆ."